ಲಂಡನ್ನಿನ ಲ್ಯಾಂಗಮ್ ಹೋಟೆಲ್‌ನಲ್ಲಿ ನಿಜಕ್ಕೂ ದೆವ್ವ ಇದೆಯೇ?

ದೆವ್ವದ ಮಾತು ಹಾಗಿರಲಿ, ಕಥೆಗಳಿಗಂತೂ ಬರವಿಲ್ಲ. ಬಿಬಿಸಿಯ ಬ್ರಾಡ್‌ಕಾಸ್ಟಿಂಗ್ ಹೌಸ್ ಎದುರಿಗೇ ಇರುವ ಈ ಹೋಟೆಲ್ ಶುರುವಾದದ್ದು 1865ರಲ್ಲಿ. 1940ರಲ್ಲಿ ಜರ್ಮನ್ ಬಾಂಬ್ ದಾಳಿಗೆ ಕಟ್ಟಡ ಜಖಂ ಆಯಿತು. ದೊಡ್ಡ ನೀರಿನ ಟ್ಯಾಂಕ್ ಒಡೆದು ಒಳಗೆಲ್ಲ ನೀರೋ ನೀರು. ಅಲ್ಲಿಗೆ ಹೋಟೆಲ್ ವ್ಯವಹಾರ ನಿಂತಿತು. ಯುದ್ಧದ ನಂತರ ಬಿಬಿಸಿ ಅದನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿತು. ಕೆಲವು ಕೋಣೆಗಳಲ್ಲಿ ಸಿಬ್ಬಂದಿ ರಾತ್ರಿ ಮಲಗುತ್ತಿದ್ದರು. ಮತ್ತೆ ಹೋಟೆಲ್ ಆದದ್ದು 1991ರಲ್ಲಿ.

ಕೆಟ್ಟ ಹೆಸರೆಲ್ಲ 333ನೇ ಕೋಣೆಗೆ. 1973ರಲ್ಲಿ ಅಲ್ಲಿ ಮಲಗಿದ್ದ ಬಿಬಿಸಿ ಉದ್ಘೋಷಕ ಜೇಮ್ಸ್ ಅಲೆಕ್ಸಾಂಡರ್ ಗಾರ್ಡನ್‌ಗೆ ನಡುರಾತ್ರಿ ಎಚ್ಚರವಾದಾಗ ಬೆಳಕಿನ ಉಂಡೆಯೊಂದು ಕಂಡಿತಂತೆ. ನೋಡನೋಡುತ್ತ ಅದು ವಿಕ್ಟೋರಿಯಾ ಕಾಲದ ಉಡುಪಿನ ಗಂಡಸಾಯಿತಂತೆ. ಕಾಲು ಮಾತ್ರ ಅರ್ಧಕ್ಕೇ ಮಾಯ!

ಕ್ರಿಕೆಟ್ ಹುಚ್ಚಿನವರಿಗೆ ಇನ್ನೊಂದು ನೆನಪಿರಬಹುದು. 2014ರಲ್ಲಿ ಇಲ್ಲಿ ತಂಗಿದ್ದ ಇಂಗ್ಲೆಂಡ್ ಬೌಲರ್ ಸ್ಟುವರ್ಟ್ ಬ್ರಾಡ್, ರಾತ್ರಿ ಬಚ್ಚಲಿನ ನಲ್ಲಿ ತಾನಾಗೇ ಸುರಿಯಿತು, ದೀಪ ಹಾಕಿದರೆ ನಿಂತಿತು ಎಂದು ಹೇಳಿ ಕೋಣೆಯನ್ನೇ ಬದಲಿಸಿದರು. ಸೆಕೆಗೆ ನಿದ್ದೆಯೂ ಬಂದಿರಲಿಲ್ಲವಂತೆ. ನನಗೇನೋ ದೆವ್ವಕ್ಕಿಂತ ಆ ನಲ್ಲಿಯ ಮೇಲೇ ಅನುಮಾನ.