ಕಂಸದೊಳಗಿನ ಕೂಲರ್

ಆಸ್ತಿ ಪಾಲಿನ ಬಗ್ಗೆ ಬಂದ ಪತ್ರವೊಂದಕ್ಕೆ ಈ ವಾರದ ಉತ್ತರ ಬರೆದು ಮುಗಿಸಿದ್ದೆ. ಅದನ್ನು ಬದಿಗಿಟ್ಟಿದ್ದೇನೆ. ಆಸ್ತಿ ಜಗಳಗಳಿಗೆ ಕಾದು ಅಭ್ಯಾಸವಿರುತ್ತದೆ, ಇನ್ನೊಂದು ವಾರ ಕಾದರೆ ಸವೆಯುವುದಿಲ್ಲ. ಕಲಬುರಗಿಯಿಂದ ಬಂದ ಈ ನಾಲ್ಕು ಪುಟದ ಪತ್ರ ಮಾತ್ರ ಕಾಯುವಂಥದ್ದಲ್ಲ, ಏಕೆಂದರೆ ಇದು ಮೇ ತಿಂಗಳು.

‘ಹಿಮದ ಹುಚ್ಚಿ’ ಎಂದು ಸಹಿ ಹಾಕಿರುವ ತಂಗಿಗೆ 36 ವರ್ಷ. ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಮನೆಯಲ್ಲಿ ಗಂಡ, ಒಂಬತ್ತು ವರ್ಷದ ಮಗಳು, ಅತ್ತೆ, ಒಬ್ಬ ಮೈದುನ. ಕೆಳಗಡೆ ಅಜ್ಜನ ಕಾಲದ ಶಹಾಬಾದ್ ಕಲ್ಲಿನ ಮನೆ. ಅದರ ಮೇಲೆ ಮದುವೆಯಾದ ಮೇಲೆ ಎಬ್ಬಿಸಿದ ಒಂದು ಆರ್‌ಸಿಸಿ ಕೋಣೆ. ಅದು ಇವರ ಪಾಲಿಗೆ ಬಂದಿದೆ. ಎರಡು ವರ್ಷದ ಹಿಂದೆ, ಒಂದು ಏಪ್ರಿಲ್ ರಾತ್ರಿ, ಮೊಬೈಲ್‌ನಲ್ಲಿ ಫಿನ್‌ಲ್ಯಾಂಡಿನ ಒಂದು ವಿಡಿಯೊ ಕಣ್ಣಿಗೆ ಬಿತ್ತಂತೆ. ಮಾತಿಲ್ಲ, ಸಂಗೀತವಿಲ್ಲ, ಯಾರೋ ಹಿಮದ ಮೇಲೆ ನಡೆಯುತ್ತಿದ್ದಾರೆ, ಬರೀ ಹೆಜ್ಜೆಯ ಸದ್ದು. ಅಂದಿನಿಂದ ರಾತ್ರಿ ಹತ್ತರಿಂದ ಒಂದರವರೆಗೆ ಇವರು ಫಿನ್‌ಲ್ಯಾಂಡಿನಲ್ಲೇ ಇರುತ್ತಾರೆ. ಮೊಬೈಲ್‌ನ ಹವಾಮಾನದ ಪಟ್ಟಿಯಲ್ಲಿ ಎರಡೇ ಊರು: ಕಲಬುರಗಿ ಮತ್ತು ರೊವಾನಿಯೆಮಿ. ಪತ್ರ ಬರೆದ ದಿನ ಇಲ್ಲಿ 43 ಡಿಗ್ರಿ, ಅಲ್ಲಿ 4. ಚಳಿಗಾಲದಲ್ಲಿ ಊರಿಗೆ ಬರುವ ಟಿಬೆಟಿಯನ್ನರ ಹತ್ತಿರ ದಪ್ಪ ಉಣ್ಣೆಯ ಕೋಟೊಂದನ್ನು ಕೊಂಡು, ಯಾರಿಗೂ ತೋರಿಸದೆ ಟ್ರಂಕಿನ ತಳದಲ್ಲಿ ಇಟ್ಟಿದ್ದಾರೆ. ಕೇಳುವುದು ಮೂರು ಪ್ರಶ್ನೆ: ನನಗೆ ಹುಚ್ಚು ಹಿಡಿದಿದೆಯೇ? ಈ ಕನಸು ಬಿಟ್ಟುಬಿಡಲೇ? ಇಲ್ಲವೇ, 80 ಸಾವಿರ ಕೊಟ್ಟರೆ ಅಲ್ಲಿ ಕೆಲಸ ಕೊಡಿಸುತ್ತೇನೆ ಎನ್ನುವ ಏಜೆಂಟನಿಗೆ ದುಡ್ಡು ಕಟ್ಟಲೇ?

ತಂಗಿ, ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಒಂದು ಸಾಲಿದೆ. ಅದನ್ನು ನೀವು ಕಂಸದಲ್ಲಿ ಹಾಕಿದ್ದೀರಿ: ‘(ಕೂಲರ್ ಇದೆ, ಹಬ್ಬದ ಮುಂಗಡದಲ್ಲಿ ನಾನೇ ತಂದದ್ದು, ಮೈದುನ ಓದುವವನಾದ್ದರಿಂದ ಕೆಳಗೆ ಅವನ ಕೋಣೆಯಲ್ಲಿದೆ.)’

ಈ ಅಂಕಣ ಓದುತ್ತ ಬಂದವರಿಗೆ ನನ್ನ ಚಾಳಿ ಗೊತ್ತು. ಪತ್ರ ಬಂದರೆ ಮೊದಲು ಕಂಸಗಳನ್ನು ಹುಡುಕುತ್ತೇನೆ. ಹೆಣ್ಣುಮಕ್ಕಳು ತಮ್ಮ ನಿಜವಾದ ದೂರನ್ನು ಅಲ್ಲಿಯೇ ಕೂಡಿಹಾಕುತ್ತಾರೆ. ಕಂಸ ಎಂದರೆ ಸೆರೆಮನೆ ಎಂಬುದನ್ನು ದೇವಕಿಗಿಂತ ಚೆನ್ನಾಗಿ ಬಲ್ಲವರು ಯಾರು?

ನನ್ನ ಇನ್ನೊಂದು ನಂಬಿಕೆಯೂ ಹಳೆಯದು: ಒಬ್ಬರಿಗೆ ಮನೆಯಲ್ಲಿ ಎಷ್ಟು ಬೆಲೆಯಿದೆ ಎಂದು ತಿಳಿಯಬೇಕಾದರೆ ಊಟದ ಪಂಕ್ತಿ ನೋಡಬೇಡಿ, ಅವರು ಮಲಗುವ ಜಾಗ ನೋಡಿ. ನಿಮ್ಮ ಪತ್ರದಲ್ಲಿ ಅಲ್ಲೊಂದು ಇಲ್ಲೊಂದು ಉದುರಿದ್ದನ್ನು ಆಯ್ದು ಕೂಡಿಸಿದೆ. ಯಜಮಾನರು ಬೇಸಿಗೆಯಲ್ಲಿ ಸೊಳ್ಳೆಪರದೆ ಕಟ್ಟಿಕೊಂಡು ಮಾಳಿಗೆಯ ಮೇಲೆ ಮಲಗುತ್ತಾರೆ (ಎರಡನೆಯ ಪುಟ). ಅಕ್ಕಪಕ್ಕ ಎತ್ತರದ ಮನೆಗಳಿರುವುದರಿಂದ ಹೆಣ್ಣುಮಕ್ಕಳು ಮೇಲೆ ಮಲಗುವುದು ಅತ್ತೆಗೆ ಸರಿಬರುವುದಿಲ್ಲ (ನಾಲ್ಕನೆಯ ಪುಟ). ಮೈದುನ ಕೆಳಗೆ, ಕಲ್ಲಿನ ಗೋಡೆಯ ತಂಪಿನಲ್ಲಿ, ಅದರ ಮೇಲೆ ಕೂಲರ್ ಬೇರೆ. ಅಂದರೆ ಒಬ್ಬರಿಗೆ ಗಾಳಿ, ಒಬ್ಬರಿಗೆ ಕಲ್ಲು ಮತ್ತು ನೀರು. ನಡುವಿನ ಕಾಂಕ್ರೀಟು ನಿಮಗೂ ಮಗುವಿಗೂ.

ಆ ಕಾಂಕ್ರೀಟಿನ ಗುಣ ನಾನು ಬಲ್ಲೆ. ಇದೇ ಊರಿನಲ್ಲಿ 31 ಬೇಸಿಗೆ ಕಳೆದಿದ್ದೇನೆ, ಅದರಲ್ಲಿ ಆರು ಇಂಥದೇ ಕೋಣೆಯಲ್ಲಿ. ಹಗಲಿಡೀ ಬಿಸಿಲು ಕುಡಿದ ಸ್ಲ್ಯಾಬು ಸಂಜೆಯಾದರೂ ತಣಿಯುವುದಿಲ್ಲ. ಹೊರಗೆ ಗಾಳಿ ತಂಪಾಗತೊಡಗಿದಾಗ ಅದು ಕುಡಿದದ್ದನ್ನು ಒಳಗೆ ಕಕ್ಕಲು ಶುರುಮಾಡುತ್ತದೆ. ರಾತ್ರಿ ಹತ್ತು ಗಂಟೆಗೆ ಫ್ಯಾನು ಹಾಕಿದರೆ ಒಲೆಯ ಬಾಯಿಂದ ಊದಿದಂತೆ ಝಳ ಬರುತ್ತದೆ. ನಿಮ್ಮ ವಿಡಿಯೊಗಳು ಶುರುವಾಗುವುದೂ ಹತ್ತು ಗಂಟೆಗೇ. ಒಂದು ಗಂಟೆಗೆ ಸ್ಲ್ಯಾಬು ಒಂದಿಷ್ಟು ಆರಿದಾಗ ನಿಮಗೆ ನಿದ್ದೆ ಬರುತ್ತದೆ, ಹಿಮ ಮುಗಿಯುತ್ತದೆ. ಇದಕ್ಕೆ ಹುಚ್ಚು ಎಂದು ಹೆಸರಿಟ್ಟವರು ಯಾರು?

ಕಲಬುರಗಿ ವಿಭಾಗದ ಬಿಸಿಲಿನ ಬಗ್ಗೆ ಸರ್ಕಾರಕ್ಕೇ ಕನಿಕರವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿಯ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ನಿಮ್ಮ ಮನೆಯಲ್ಲಿ ಆ ಆದೇಶದ ಫಲವೇನೆಂದರೆ, ಎಂಟಕ್ಕೆ ಕಚೇರಿಯಲ್ಲಿರಬೇಕಾದ್ದರಿಂದ ನೀವು ನಸುಕಿನ ಐದಕ್ಕೆ ಒಲೆಯ ಮುಂದೆ ಕುಳಿತು ಐದು ಜನರ ರೊಟ್ಟಿ ಬಡಿಯುತ್ತೀರಿ, ಮಧ್ಯಾಹ್ನ ಎರಡಕ್ಕೆ, ಬಿಸಿಲು ನೆತ್ತಿ ಸೀಳುವ ಹೊತ್ತಿನಲ್ಲಿ, ಆ ಕೋಣೆಗೆ ಮರಳುತ್ತೀರಿ. ನಾಲ್ಕು ಗಂಟೆ ನಿದ್ದೆ ಮಾಡಿದವರಿಗೆ ಹಿಮ ಕಾಣದೆ ಇನ್ನೇನು ಕಾಣಬೇಕು!

ಈಗ ಮೈದುನ. ವಯಸ್ಸು 31, ಕೆಎಎಸ್ ಪರೀಕ್ಷೆಗೆ ಆರನೆಯ ವರ್ಷದ ತಯಾರಿ. ಪರೀಕ್ಷೆಗೆ ಓದುವವರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಇಡೀ ಬದುಕನ್ನು ಅವರಿಗೆ ಪಾಠ ಹೇಳುತ್ತಲೇ ಕಳೆದೆ. ಅಫಜಲಪುರದ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಓದುತ್ತ ಬಂದು ಸರ್ಕಾರಿ ನೌಕರಿ ಹಿಡಿದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ನನಗೆ ಸಿಟ್ಟಿರುವುದು ಓದು ಎಂಬ ಮಾತನ್ನು ಮನೆಯ ಸೌಕರ್ಯಗಳಿಗೆಲ್ಲ ಬೀಗದ ಕೈ ಮಾಡಿಕೊಂಡ ಗಂಡುಮಕ್ಕಳ ಮೇಲೆ. ‘ಅವನು ಓದುತ್ತಾನೆ’ ಎಂದರೆ ಟಿವಿ ಆರುತ್ತದೆ, ಕೆನೆಮೊಸರು ಕೆಳಗಿಳಿಯುತ್ತದೆ, ಕೂಲರ್ ಮೆಟ್ಟಿಲಿಳಿದು ಹೋಗುತ್ತದೆ. ಸಾಲದ್ದಕ್ಕೆ ನಿಮ್ಮ ಕನಸಿನ ಸುದ್ದಿ ತಿಳಿದು ಅವನು ಆಡಿದ ಮಾತು: ‘ವೈನಿ, ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ಕುಳಿತುಕೊಳ್ಳಿ, ಫಿನ್‌ಲ್ಯಾಂಡ್ ಅಲ್ಲಿಯೇ ಬರುತ್ತದೆ.’ ನೀವು ಇದನ್ನು ತಮಾಷೆ ಎಂದು ಬರೆದಿದ್ದೀರಿ. ನಿಮ್ಮ ದುಡ್ಡಿನ ಕೂಲರಿನ ಮುಂದೆ ಕುಳಿತು ಆಡಿದ ತಮಾಷೆ ಅದು.

ಆ ಮಹರಾಯನಿಗೆ ಕೂಲರ್ ಬಳಸಲಿಕ್ಕೂ ಬರುವುದಿಲ್ಲ ಎಂಬುದು ಬೇರೆ ಮಾತು. ಗದ್ದಲ ಕೇಳಬಾರದೆಂದು ಬಾಗಿಲು ಕಿಟಕಿ ಭದ್ರವಾಗಿ ಹಾಕಿಕೊಂಡು ಓದುತ್ತಾನೆ ಎಂದಿದ್ದೀರಿ. ಕೂಲರ್ ಎಸಿಯಲ್ಲ. ಹೊರಗಿನ ಒಣಗಾಳಿ ಒದ್ದೆ ಹುಲ್ಲಿನ ಮೂಲಕ ಹಾಯುವಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಕಾವನ್ನು ಆ ಗಾಳಿಯಿಂದಲೇ ಕಸಿದುಕೊಳ್ಳುತ್ತದೆ, ತಂಪಾಗುವುದು ಹಾಗೆ. ನಮ್ಮ ಊರಿನ ಬಿಸಿಲು ಒಣಬಿಸಿಲಾದ್ದರಿಂದ ಇಲ್ಲಿ ಅದು ವರ, ಮಂಗಳೂರಿನಲ್ಲಿ ದಂಡ. ತೇವದ ಗಾಳಿ ಹೊರಹೋಗಲು ಎದುರಿಗೊಂದು ಕಿಟಕಿ ತೆರೆದಿರಲೇಬೇಕು. ಇಲ್ಲವಾದರೆ ಅರ್ಧ ಗಂಟೆಯಲ್ಲಿ ಕೋಣೆಯ ತುಂಬ ತೇವ, ಮೈಯೆಲ್ಲ ಅಂಟು. ಫಿನ್‌ಲ್ಯಾಂಡಿನಲ್ಲಿ ಕಾದ ಕಲ್ಲಿನ ಮೇಲೆ ನೀರು ಸುರಿದು, ಮುಚ್ಚಿದ ಮರದ ಕೋಣೆಯಲ್ಲಿ 80 ಡಿಗ್ರಿ ಕಾವಿನಲ್ಲಿ ಬೆವರುತ್ತ ಕೂರುವ ಪದ್ಧತಿಯಿದೆ, ಸೌನಾ ಎನ್ನುತ್ತಾರೆ. ಸುಮಾರು 55 ಲಕ್ಷ ಜನರ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆ. 2020ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೂ ಸೇರಿಸಿತು. ನಿಮ್ಮ ಮನೆಯಲ್ಲಿ ಫಿನ್‌ಲ್ಯಾಂಡ್ ಬಂದಿರುವುದು ಫ್ರಿಜ್ಜಿನ ಮುಂದೆ ಅಲ್ಲ, ಮೈದುನನ ಕೋಣೆಯಲ್ಲಿ. ಹಾಗೆಂದು ಅವನಿಗೆ ಹೇಳಿ.

ಅತ್ತೆಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಮಂಡಿನೋವಿನ ಮುದುಕಿ, ಪಡಸಾಲೆಯಲ್ಲಿ ಬೀಸಣಿಕೆ ಹಿಡಿದು ಮಲಗುತ್ತಾರೆ, ಅವರಿಗೂ ಯಾರೂ ಕೂಲರ್ ಕೊಟ್ಟಿಲ್ಲ. ನಿಮ್ಮ ಯಜಮಾನರು? ‘ಈ ವರ್ಷ ಪರೀಕ್ಷೆಯಿದೆ, ಇರಲಿ ಬಿಡು’ ಎಂದು ಎರಡು ವರ್ಷದಿಂದ ಹೇಳುತ್ತಿರುವವರ ಬಗ್ಗೆ ನಾನು ಹೆಚ್ಚು ಶಾಯಿ ಖರ್ಚು ಮಾಡುವುದಿಲ್ಲ. ಮಾಳಿಗೆಯ ಮೇಲೆ ಮಲಗುವ ಮೊದಲು ಅದಕ್ಕೆ ಎರಡು ಕೈ ಬಿಳಿ ಸುಣ್ಣ ಬಳಿದಿದ್ದರೆ ಕೆಳಗಿನ ಹೆಂಡತಿಗೆ, ಮಗಳಿಗೆ ಇಷ್ಟು ಝಳ ಇಳಿಯುತ್ತಿರಲಿಲ್ಲ.

ಇನ್ನು ಫಿನ್‌ಲ್ಯಾಂಡ್. ಅದನ್ನು ಹೀಗಳೆದು ನಿಮ್ಮನ್ನು ಕಲಬುರಗಿಯಲ್ಲಿ ಕಟ್ಟಿಹಾಕುವ ಆಸೆ ನನಗಿಲ್ಲ. ನನ್ನ ತಂಗಿಯ ಮಗಳು ಮೂರು ವರ್ಷ ಹೆಲ್ಸಿಂಕಿಯಲ್ಲಿದ್ದಳು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಒಂಬತ್ತೂವರೆಯ ಹತ್ತಿರ, ಮುಳುಗುವುದು ಮಧ್ಯಾಹ್ನ ಮೂರೂಕಾಲಿನ ಒಳಗೆ. ನಿಮ್ಮ ರೊವಾನಿಯೆಮಿ ಇನ್ನೂ ಉತ್ತರಕ್ಕೆ, ಧ್ರುವವೃತ್ತದ ಅಂಚಿನಲ್ಲಿದೆ; ಆ ದಿನಗಳಲ್ಲಿ ಅಲ್ಲಿ ಹಗಲು ಎಂದರೆ ಎರಡು ತಾಸಿನ ಆಸುಪಾಸು. ಈ ಕತ್ತಲ ಕಾಲಕ್ಕೆ ಅವರು ಕಾಮೋಸ್ ಎಂದು ಹೆಸರಿಟ್ಟಿದ್ದಾರೆ. ಬಿಸಿಲಿಲ್ಲದ್ದಕ್ಕೆ ವಿಟಮಿನ್ ಡಿ ಗುಳಿಗೆ ನುಂಗುತ್ತ, ಜೂನಿನಲ್ಲಿ ರಾತ್ರಿ ಹನ್ನೊಂದರವರೆಗೂ ಬೆಳಕಿರುವುದಕ್ಕೆ ಕಿಟಕಿಗೆ ಕಪ್ಪು ಪರದೆ ಕಟ್ಟುತ್ತ ಆ ಹುಡುಗಿ ಕಳೆದಳು, ಸುಖವಾಗಿಯೇ ಇದ್ದಳು. ಆದರೆ ಅವಳು ಕೆಲಸದ ಪತ್ರ ಕೈಯಲ್ಲಿ ಹಿಡಿದುಕೊಂಡು ಹೋದವಳು. ಓದುವ ನೆಪದಲ್ಲಿ ಹೋಗೋಣವೆಂದರೆ, ಯೂರೋಪಿನ ಹೊರಗಿನವರಿಗೆ ಅಲ್ಲಿ 2017ರಿಂದ ಇಂಗ್ಲಿಷ್ ಮಾಧ್ಯಮದ ಪದವಿಗಳಿಗೆ ಶುಲ್ಕವಿದೆ. ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 2024ರ ಅಕ್ಟೋಬರಿನಲ್ಲಿ ಐದರಿಂದ ಎಂಟು ವರ್ಷಕ್ಕೆ ಏರಿಸಿದ್ದಾರೆ.

ಭಾಷೆಯ ವಿಷಯದಲ್ಲಿ ಮಾತ್ರ ಕನ್ನಡ ಮೇಷ್ಟರಮ್ಮನಾಗಿ ನನಗೊಂದು ಗುಟ್ಟಿನ ಖುಷಿಯಿದೆ. ಆ ಭಾಷೆಯಲ್ಲಿ 15 ವಿಭಕ್ತಿಗಳಿವೆ ಎಂದು ಇಂಗ್ಲಿಷಿನವರು ಬೆಚ್ಚುತ್ತಾರೆ. ನಾವೇಕೆ ಬೆಚ್ಚಬೇಕು? ಮನೆಗೆ ತಾಲೊ, ಮನೆಯಲ್ಲಿ ಎನ್ನಲು ತಾಲೊಸ್ಸಾ, ಮನೆಯಿಂದ ಎನ್ನಲು ತಾಲೊಸ್ತಾ. ನಮ್ಮ ಹಾಗೆಯೇ ಪದದ ಬಾಲಕ್ಕೆ ಬಾಲ ಅಂಟಿಸುತ್ತ ಹೋಗುವ ಜನ! ಮಗಳನ್ನು ಕೂರಿಸಿಕೊಂಡು ಕಲಿಯಿರಿ, ದುಡ್ಡು ಖರ್ಚಿಲ್ಲ.

ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ 1983ರ ವಲಸೆ ಕಾಯ್ದೆಯ ನಿಯಮಗಳ ಪ್ರಕಾರ, ವಿದೇಶದಲ್ಲಿ ಕೆಲಸ ಕೊಡಿಸುವ ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ನೋಂದಾಯಿತರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿದೆ. ಯಾವ ಕೆಲಸ, ಯಾವ ಸಂಸ್ಥೆ ಎಂದು ಹೇಳದೆ 80 ಸಾವಿರ ಕೇಳುವವನು ಆ ಪಟ್ಟಿಯಲ್ಲಿ ಸಿಕ್ಕರೆ ನನಗೆ ಬರೆಯಿರಿ, ನಾನೇ ಅವನನ್ನು ನೋಡಲು ಬರುತ್ತೇನೆ.

ಕನಸು ಬಿಡಲೇ ಎಂದು ಕೇಳಿದ್ದೀರಿ. ಬಿಡಬೇಡಿ. ಆದರೆ ಮೈ ತಣಿದ ಮೇಲೂ ಅದು ಉಳಿಯುತ್ತದೆಯೇ ಎಂದು ನೋಡಬೇಕಲ್ಲ. ಅದಕ್ಕೆ ನಾನು ಹೇಳುವುದು ಒಂದೇ ಕೆಲಸ: ಬರುವ ಭಾನುವಾರ ಬೆಳಗ್ಗೆ, ಬಿಸಿಲೇರುವ ಮೊದಲು, ಕೂಲರನ್ನು ಮೇಲಕ್ಕೆ ತರಿಸಿ. ಯಾರನ್ನೂ ಕೇಳಬೇಡಿ, ತಿಳಿಸಿ. ಮಗಳ ಹೆಸರನ್ನು ಮುಂದೆ ಮಾಡಬೇಡಿ. ಮಗುವಿಗೆ ಬೆವರುಸಾಲೆ ಎಂದರೆ ಮನೆಯವರು ಪೌಡರ್ ತಂದುಕೊಡುತ್ತಾರೆ, ಮಾತು ಮುಗಿಯುತ್ತದೆ. ‘ನನಗೆ ಧಗೆ, ನನಗೆ ನಿದ್ದೆ ಬೇಕು, ಕೂಲರ್ ನನ್ನದು’, ಮೂರೇ ಮಾತು, ಕಂಸವಿಲ್ಲದೆ. ಮೈದುನ ಓದಲಿಕ್ಕೆ ಬೇಕಾದರೆ ನಗರ ಕೇಂದ್ರ ಗ್ರಂಥಾಲಯಕ್ಕೆ ಹೋಗಲಿ. ಅಲ್ಲಿ ಅವನಂತೆ ಓದುವವರು ಇರುತ್ತಾರೆ, ತಮಾಷೆ ಮಾಡಿದರೆ ಸುಮ್ಮನಿರಿಸುತ್ತಾರೆ.

ಎರಡು ವರ್ಷದಿಂದ ಕೂಲರಿನ ಹುಲ್ಲು ಬದಲಿಸಿಲ್ಲ ಎಂದೂ ಬರೆದಿದ್ದೀರಿ. ಶನಿವಾರ ಕಚೇರಿಯಿಂದ ಬರುವಾಗ ಸೂಪರ್ ಮಾರ್ಕೆಟ್‌ನಲ್ಲಿ ಹೊಸದು ಕೊಳ್ಳಿ, ಅಳತೆ ಬರೆದುಕೊಂಡು ಹೋಗಿ. ಮೇಲಿನ ಕೋಣೆಯ ಪಡುವಣ ಕಿಟಕಿಗೆ ಕೂಲರಿನ ಬೆನ್ನು ತಾಗಿಸಿ, ಎದುರಿನ ಕಿಟಕಿ ತೆರೆದಿಡಿ. ಹೊರುವುದು ಮೈದುನನೇ. ಎತ್ತುವ ಮೊದಲು ತೊಟ್ಟಿಯ ನೀರು ಪೂರ್ತಿ ಚೆಲ್ಲಿಸಿ. ಶಹಾಬಾದ್ ಕಲ್ಲಿನ ಮೆಟ್ಟಿಲು ಒದ್ದೆಯಾದರೆ ಜಾರುತ್ತದೆ, ಮುಂದೆ ಪರೀಕ್ಷೆ ಬೇರೆ ಇದೆ.