ಅರ್ಧ ಸಿದ್ಧವಾದ ಆಟಕ್ಕೆ ಈಗಲೇ ಹಣ ಕೊಡಬೇಕೇ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿ. ಬಾಹ್ಯಾಕಾಶದಲ್ಲಿ ನೆಲೆ ಕಟ್ಟುವ ಆಟವೊಂದು ಸ್ಟೀಮ್ ಎಂಬ ಆನ್‌ಲೈನ್ ಆಟಗಳ ಅಂಗಡಿಯ ಅರ್ಲಿ ಆಕ್ಸೆಸ್‌ನಲ್ಲಿ (ಪೂರ್ಣಗೊಳ್ಳುವ ಮೊದಲೇ ಆಟ ಮಾರುವ ವ್ಯವಸ್ಥೆ) ಸುಮಾರು ₹1,100ಕ್ಕೆ ಸಿಗುತ್ತಿದೆ. ಗೆಳೆಯರೆಲ್ಲ ಕೂಡಿ ಆಡಬೇಕೆಂಬುದು ನಮ್ಮ ಆಸೆ. ಮಲ್ಟಿಪ್ಲೇಯರ್ ಸೌಲಭ್ಯ ಮುಂದೆ ಬರಲಿದೆಯೆಂದೂ, ಆಟ ಪೂರ್ಣಗೊಂಡ ಮೇಲೆ ಬೆಲೆ ಏರುತ್ತದೆಂದೂ ತಯಾರಕರು ಹೇಳಿದ್ದಾರೆ. ಈಗಲೇ ಕೊಳ್ಳುವುದು ಒಳ್ಳೆಯದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಪೂರ್ಣಗೊಳ್ಳದ ಆಟಗಳನ್ನು ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಇವತ್ತು ಡೌನ್‌ಲೋಡ್ ಮಾಡಿಕೊಂಡರೆ ಸಿಗುವ ಆಟ, ನಾಳೆ ಒಂದೇ ಒಂದು ಅಪ್‌ಡೇಟ್ ಬಾರದೆ ಹೋದರೂ ಕೊಟ್ಟ ಹಣಕ್ಕೆ ತಕ್ಕುದಾಗಿದೆ ಎನಿಸಿದರೆ ಧಾರಾಳವಾಗಿ ಕೊಳ್ಳಬಹುದು. ಆದರೆ ನಿಮಗೆ ಬೇಕಾಗಿರುವುದು ಗೆಳೆಯರೊಡನೆ ಆಡುವ ಸೌಲಭ್ಯ. ಅದೇ ಅದರಲ್ಲಿ ಇನ್ನೂ ಇಲ್ಲ.

ನೀವು ಮೆಚ್ಚುವ ಬಗೆಯ ಆಟದಲ್ಲೇ ಇದಕ್ಕೆ ಉದಾಹರಣೆಯಿದೆ. 2013ರ ಮಾರ್ಚ್‌ನಲ್ಲಿ ಸ್ಟೀಮ್ ಅರ್ಲಿ ಆಕ್ಸೆಸ್ ಆರಂಭಿಸಿದಾಗ ಅದರಲ್ಲಿದ್ದ ಮೊದಲ ಆಟಗಳಲ್ಲಿ, ರಾಕೆಟ್ ಕಟ್ಟಿ ಹಾರಿಸುವ ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಒಂದು. ಚಿಕ್ಕ ತಂಡ ಕಟ್ಟಿದ ಆ ಆಟ 2015ರಲ್ಲಿ ಪೂರ್ಣಗೊಂಡಿತು. ಮೊದಲೇ ಕೊಂಡವರಿಗೆ ನಷ್ಟವಾಗಲಿಲ್ಲ. ಅದರ ಎರಡನೇ ಭಾಗದ ಹಿಂದೆ ಟೇಕ್-ಟೂ ಎಂಬ ದೊಡ್ಡ ಸಂಸ್ಥೆಯೇ ಇತ್ತು. 2023ರ ಫೆಬ್ರುವರಿಯಲ್ಲಿ ಸುಮಾರು 50 ಡಾಲರ್ ಬೆಲೆಗೆ ಮಾರಾಟಕ್ಕಿಟ್ಟಾಗ, ಮುಂದೆ ವಿಜ್ಞಾನ ಪ್ರಯೋಗಗಳು, ವಸಾಹತುಗಳು, ನಕ್ಷತ್ರಾಂತರ ಯಾನ, ಕೊನೆಗೆ ಮಲ್ಟಿಪ್ಲೇಯರ್ ಬರುತ್ತವೆ ಎಂಬ ಯೋಜನೆಯನ್ನೂ ಪ್ರಕಟಿಸಲಾಗಿತ್ತು. ಆ ಪೈಕಿ ವಿಜ್ಞಾನದ ಭಾಗವೊಂದೇ ಅದೇ ವರ್ಷದ ಡಿಸೆಂಬರಿನಲ್ಲಿ ಬಂತು. 2024ರಲ್ಲಿ ತಯಾರಕ ತಂಡದವರನ್ನು ಕೆಲಸದಿಂದ ತೆಗೆಯಲಾಯಿತು, ಆ ವರ್ಷದ ಜೂನ್ ನಂತರ ಅಪ್‌ಡೇಟ್‌ಗಳು ನಿಂತವು. ಮಲ್ಟಿಪ್ಲೇಯರ್ ನಂಬಿ ಹಣ ಕೊಟ್ಟವರು ಈಗಲೂ ಒಂಟಿಯಾಗಿಯೇ ರಾಕೆಟ್ ಹಾರಿಸಬೇಕು. ಕಟ್ಟುತ್ತಿರುವ ಫ್ಲ್ಯಾಟಿಗೆ ಮುಂಗಡ ಕೊಟ್ಟವರಿಗೆ ದೂರು ಕೊಡಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಆದರೂ ಇದೆ. ಇಲ್ಲಿ ಅಂಥದ್ದೇನೂ ಇಲ್ಲ. ಕೆಲವು ತಂಡಗಳಿಗೆ ಆಟವನ್ನು ಮುಗಿಸಲು ಆಗದೆಯೂ ಹೋಗಬಹುದೆಂದು ಸ್ಟೀಮ್ ಮೊದಲೇ ಎಚ್ಚರಿಸಿರುತ್ತದೆ.

ಬೆಲೆ ಏರುತ್ತದೆ ಎಂಬ ಮಾತು ಸುಳ್ಳಲ್ಲ. ಮೈನ್‌ಕ್ರಾಫ್ಟ್ ಆಟ ಆಲ್ಫಾ ಎಂಬ ಆರಂಭಿಕ ಹಂತದಲ್ಲಿ 10 ಯೂರೊಗಳ ಆಸುಪಾಸಿನಲ್ಲಿದ್ದುದು 2011ರಲ್ಲಿ ಪೂರ್ಣಗೊಳ್ಳುವ ಹೊತ್ತಿಗೆ ಅದರ ಇಮ್ಮಡಿಯಾಗಿತ್ತು. ಆದರೂ ಸ್ಟೀಮ್‌ನ ಬೇಸಿಗೆ, ಚಳಿಗಾಲದ ರಿಯಾಯಿತಿ ಮಾರಾಟಗಳನ್ನು ಕಂಡವರಿಗೆ ಈ ಆತುರ ಅಷ್ಟಾಗಿ ಕಾಡುವುದಿಲ್ಲ.

ಆಟ ಯಾವ ಬಗೆಯದು ಎಂಬುದನ್ನೂ ನೋಡಬೇಕು. ನೆಲೆ ಕಟ್ಟುವ, ಕಾರ್ಖಾನೆ ನಡೆಸುವ ಆಟಗಳು ಅಪೂರ್ಣವಾಗಿದ್ದರೂ ರಂಜಿಸುತ್ತವೆ. ಕಥೆಯೇ ಜೀವಾಳವಾದ ಆಟಗಳ ವಿಷಯ ಬೇರೆ. 2020ರ ಅಕ್ಟೋಬರಿನಲ್ಲಿ ಬಾಲ್ಡರ್ಸ್ ಗೇಟ್ 3 ಕೊಂಡವರಿಗೆ ಪೂರ್ಣ ಬೆಲೆಗೆ ಸಿಕ್ಕಿದ್ದು ಕಥೆಯ ಮೊದಲ ಅಂಕದ ಭಾಗ ಮಾತ್ರ. 2023ರ ಆಗಸ್ಟಿನಲ್ಲಿ ಪೂರ್ಣ ಆಟ ಬಂದಾಗ ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿಟ್ಟ ಹಳೆಯ ಸೇವ್ ಫೈಲುಗಳು ಕೆಲಸಕ್ಕೆ ಬಾರದೆ, ಎಲ್ಲರೂ ಮೊದಲಿನಿಂದ ಆಡಬೇಕಾಯಿತು. ಆಟ ಅದ್ಭುತವಾಗಿತ್ತು ಎನ್ನುವುದು ನಿಜ, ಆದರೆ ಕಾದು ಕೊಂಡವರು ಅದರಲ್ಲಿ ಏನನ್ನೂ ಕಳೆದುಕೊಳ್ಳಲಿಲ್ಲ.

ಕೊಳ್ಳುವ ಮೊದಲು ಆಟದ ಪುಟದಲ್ಲಿರುವ ಅರ್ಲಿ ಆಕ್ಸೆಸ್ ಪ್ರಶ್ನೋತ್ತರವನ್ನು ಓದಿ. ಸದ್ಯದ ಆವೃತ್ತಿಯಲ್ಲಿ ಏನೇನಿದೆ ಎಂಬುದಕ್ಕೆ ತಯಾರಕರೇ ಅಲ್ಲಿ ಉತ್ತರ ಬರೆದಿರುತ್ತಾರೆ. ಇರುವುದರ ಬಗ್ಗೆ ಎರಡು ಸಾಲು, ಬರಲಿರುವುದರ ಬಗ್ಗೆ ಎರಡು ಪ್ಯಾರಾ ಇದ್ದರೆ ನಾನಂತೂ ಅಲ್ಲಿಗೇ ಬಿಟ್ಟುಬಿಡುತ್ತೇನೆ. ಹಳೆಯ ಅಪ್‌ಡೇಟ್‌ಗಳ ದಿನಾಂಕಗಳನ್ನೂ ಗಮನಿಸಿ. ಒಂದು ವರ್ಷಕ್ಕೂ ಮೀರಿ ಅಪ್‌ಡೇಟ್ ಕಾಣದ ಆಟಗಳ ಪುಟದಲ್ಲಿ 2025ರಿಂದ ಸ್ಟೀಮ್ ತಾನೇ ಸೂಚನೆ ಹಾಕುತ್ತಿದೆ. ಆಟವನ್ನು ವಿಶ್‌ಲಿಸ್ಟಿಗೆ ಸೇರಿಸಿಟ್ಟರೆ, ರಿಯಾಯಿತಿ ಬಂದಾಗಲೂ ಆಟ ಅರ್ಲಿ ಆಕ್ಸೆಸ್‌ನಿಂದ ಹೊರಬಂದಾಗಲೂ ಇಮೇಲ್ ಬರುತ್ತದೆ.

ಪ್ರಶ್ನೆ: ನನ್ನ ಮಗ ಹೋದ ವಾರ ಇಂಥದೊಂದು ಆಟ ಕೊಂಡಿದ್ದಾನೆ, ಅದು ಪದೇಪದೇ ಸ್ಥಗಿತಗೊಳ್ಳುತ್ತಿದೆ. ಹಣ ವಾಪಸ್ ಬರುತ್ತದೆಯೇ? ಮುಂದೆ ಪೂರ್ಣ ಆಟಕ್ಕೆ ಮತ್ತೆ ಹಣ ಕೊಡಬೇಕೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಾಮಾನ್ಯವಾಗಿ ಮತ್ತೆ ಹಣ ಕೊಡಬೇಕಾಗುವುದಿಲ್ಲ, ಈಗ ಕೊಂಡ ಪ್ರತಿಯೇ ಮುಂದೆ ಪೂರ್ಣ ಆಟವಾಗುತ್ತದೆ. ಸ್ಟೀಮ್‌ನಲ್ಲಿ ಕೊಂಡಿದ್ದರೆ, ಕೊಂಡ 14 ದಿನಗಳೊಳಗೆ, ಒಟ್ಟು ಆಡಿದ ಅವಧಿ ಎರಡು ಗಂಟೆಗಿಂತ ಕಡಿಮೆಯಿದ್ದಾಗ ರೀಫಂಡ್ ಕೇಳಬಹುದು. ಎರಡು ಗಂಟೆಯ ಮಿತಿ ಅರ್ಲಿ ಆಕ್ಸೆಸ್ ಆಟಗಳಿಗೂ ಅನ್ವಯಿಸುತ್ತದೆ. ತಯಾರಕರು ಕೆಲಸ ನಿಲ್ಲಿಸಿದರೆಂಬ ಕಾರಣಕ್ಕೆ ವರ್ಷದ ನಂತರ ಕೇಳಿದರೆ ಹಣ ಸಿಗುವ ಭರವಸೆಯಿಲ್ಲ. ಸ್ಥಗಿತಗೊಂಡ ಪರದೆಯನ್ನು ತೆರೆದಿಟ್ಟುಕೊಂಡು ಕಾದ ಹೊತ್ತೂ ಆಡಿದ ಅವಧಿಗೇ ಸೇರುತ್ತದೆಯಾದ್ದರಿಂದ, ಮಗನಿಗೆ ಆಟವನ್ನು ಮುಚ್ಚಲು ಹೇಳಿ, ಇಂದೇ ಅರ್ಜಿ ಹಾಕಿಸಿ.