ಕಪ್ ಗೆದ್ದ ಸಂಭ್ರಮಕ್ಕೆ ಬೀದಿಗಿಳಿಯುವ ಮುಂಚೆ: ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಪ್ರಶ್ನೆ: ಡಾಕ್ಟ್ರೇ, ಮಗ ಎರಡನೇ ಪಿಯುಸಿ. ಕ್ರಿಕೆಟ್ ಹುಚ್ಚು. ಇನ್ನೊಂದ್ಸಲ ಕಪ್ ಬಂದ್ರೆ ಫ್ರೆಂಡ್ಸ್ ಜೊತೆ ಹೋಗೇ ಹೋಗ್ತೀನಿ ಅಂತಾನೆ. ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಆದ ಕಾಲ್ತುಳಿತ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ. ಏನು ಹೇಳಿ ಕಳಿಸಲಿ?
– ಒಬ್ಬ ತಾಯಿ, ವಿಜಯನಗರ

ಉತ್ತರ: ಬೇಡ ಅಂದರೆ ನಿಮಗೆ ಹೇಳದೆ ಹೋಗುತ್ತಾನೆ, ಅಷ್ಟೇ. ಅದರ ಬದಲು ಎಲ್ಲಿ ನಿಲ್ಲಬಾರದು ಅಂತ ಹೇಳಿ ಕಳಿಸಿ. ಗೇಟಿನ ಮುಂದೆ ನಿಲ್ಲಬಾರದು. ಗೇಟ್ ಮುಚ್ಚಿದ್ದಾಗಲಂತೂ ಆ ಕಡೆ ಸುಳಿಯಲೇಬಾರದು.

2025ರ ಜೂನ್ 3ರ ರಾತ್ರಿ ಅಹಮದಾಬಾದಿನ ಐಪಿಎಲ್ ಫೈನಲ್ಲಿನಲ್ಲಿ ನಮ್ಮ ಬೆಂಗಳೂರು ತಂಡ ಆರ್‌ಸಿಬಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿತು. 18ನೇ ಸೀಸನ್ನಿಗೆ ಮೊದಲ ಕಪ್. ಮರುದಿನವೇ ಇಲ್ಲಿ ಚಿನ್ನಸ್ವಾಮಿಯಲ್ಲಿ ಸಂಭ್ರಮ ಇಟ್ಟರು. ಸ್ಟೇಡಿಯಂ ಹಿಡಿಸುವುದು ಸುಮಾರು 35,000 ಜನ. ಬಂದವರು ಎರಡು ಮೂರು ಲಕ್ಷ ಅಂತ ಸರ್ಕಾರವೇ ಹೇಳಿತು. ಉಚಿತ ಪಾಸ್ ಇದೆಯಂತೆ, ಒಳಗೆ ಬಿಡ್ತಾರಂತೆ ಅನ್ನುವ ಸುದ್ದಿ ಬೇರೆ. ಎಲ್ಲರೂ ಗೇಟುಗಳ ಕಡೆಗೇ ಒತ್ತಿದರು. 11 ಜನ ತೀರಿಕೊಂಡರು, 50ಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯಿತು. ತೀರಿಕೊಂಡವರಲ್ಲಿ ಹೆಚ್ಚಿನವರು ಇನ್ನೂ ಚಿಕ್ಕ ವಯಸ್ಸಿನವರು.

ಜನಕ್ಕೆ ಶಿಸ್ತಿಲ್ಲ ಅಂತ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದೆ ನಿಂತು ತಳ್ಳುವವನಿಗೆ, ಮುಂದೆ ಗೇಟಿಗೆ ಒತ್ತಿಕೊಂಡು ನಿಂತವಳ ಮುಖ ಕಾಣುವುದೇ ಇಲ್ಲವಲ್ಲ. ಇಷ್ಟು ಜನರನ್ನು ಕರೆದವರು ಅದಕ್ಕೆ ತಕ್ಕ ವ್ಯವಸ್ಥೆ ಮಾಡಬೇಕು. ಅದು ನಿಮ್ಮ ಮಗನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ತಾನು ಎಲ್ಲಿ ನಿಲ್ಲುತ್ತೇನೆ, ಯಾವಾಗ ಹೊರಡುತ್ತೇನೆ ಅನ್ನುವುದು ಮಾತ್ರ.

ಪ್ರಶ್ನೆ: ಸಾರ್, ಬೀಳದೆ ಗಟ್ಟಿಯಾಗಿ ನಿಂತ್ರೆ ಸಾಕಲ್ವಾ? ನಾನು ದಿನಾ ಜಿಮ್‌ಗೆ ಹೋಗ್ತೀನಿ.
– ಯಲಹಂಕದ ಓದುಗ

ಉತ್ತರ: ಸಾಲದು ತಮ್ಮಾ. ಇಂಥ ಕಡೆ ಜನ ನಿಂತಲ್ಲೇ ಸಾಯುತ್ತಾರೆ. ಉಸಿರು ಎಳೆದುಕೊಳ್ಳಬೇಕಾದರೆ ಎದೆಗೂಡು ಹಿಗ್ಗಬೇಕು. ಹಿಂದಿನಿಂದಲೂ ಮುಂದಿನಿಂದಲೂ ಒತ್ತಿದರೆ ಹಿಗ್ಗುವುದಕ್ಕೆ ಜಾಗ ಎಲ್ಲಿ? ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಸ್ಟೇಡಿಯಂನಲ್ಲಿ 1989ರಲ್ಲಿ ಹೀಗೇ ಆಗಿ ಒಟ್ಟು 97 ಜನ ಬಲಿಯಾದರು. ಅಲ್ಲಿ ಕಬ್ಬಿಣದ ತಡೆಗಂಬಿಯೇ ಮುರಿದಿತ್ತು. ನಿನ್ನ ಜಿಮ್ಮು ಅದರ ಮುಂದೆ ಯಾವ ಲೆಕ್ಕ?

ಮನೆಯಲ್ಲಿ ಹಾಕುವ ಎರಡಡಿ ಟೈಲ್ಸ್ ಮೂರು ಜೋಡಿಸಿದರೆ ಒಂದು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಒಂದು ಚದರ ಮೀಟರಿನಲ್ಲಿ ಐದು ಜನ ಆದರೆ ಅಪಾಯ ಶುರು. ಆರೇಳು ಜನ ಆದರೆ ನಿನ್ನ ಕಾಲು ನಿನ್ನ ಮಾತು ಕೇಳುವುದಿಲ್ಲ, ಗುಂಪು ಹೊತ್ತುಕೊಂಡು ಹೋದ ಕಡೆ ಹೋಗುತ್ತೀಯ. ಅಲ್ಲಿ ನಿಂತು ತಲೆ ಎಣಿಸೋಕಾಗಲ್ಲ. ಹಾಗಾಗಿ ಇಷ್ಟು ನೋಡಿಕೋ: ಎರಡೂ ಭುಜಕ್ಕೆ ಅಕ್ಕಪಕ್ಕದವರು ತಾಗುತ್ತಿದ್ದಾರಾ? ಆಗಲೇ ಹೊರಡು. ಆಟಗಾರರ ಬಸ್ಸು ಬರೋದನ್ನಾದ್ರೂ ನೋಡಿ ಹೋಗೋಣ ಅಂತ ಸುಮ್ನೆ ನಿಂತರೆ, ಕೈ ಎತ್ತಿ ಮುಖ ಒರೆಸಿಕೊಳ್ಳುವುದಕ್ಕೂ ಆಗದ ಸ್ಥಿತಿ ಬರುತ್ತದೆ. ಆಮೇಲೆ ಹೊರಡುತ್ತೇನೆ ಅಂದರೂ ದಾರಿ ಇರುವುದಿಲ್ಲ.

ಸಿಕ್ಕಿಹಾಕಿಕೊಂಡೇ ಬಿಟ್ಟರೆ ಎರಡೂ ಕೈ ಎದೆಯ ಮುಂದೆ ಮಡಚಿ ಹಿಡಿ, ಬಾಕ್ಸಿಂಗ್ ಆಡುವವರ ಹಾಗೆ. ಉಸಿರಾಡೋಕೆ ಒಂದಿಷ್ಟು ಜಾಗ ಉಳಿಯುತ್ತದೆ. ಕಿರುಚಿ ದಮ್ಮು ಕಳೆದುಕೊಳ್ಳಬೇಡ. ನೂಕಿದಾಗ ಎದುರಿಗೆ ತಳ್ಳಬೇಡ, ಅದರ ಜೊತೆಗೇ ಹೋಗು, ಸಡಿಲ ಆದ ಕೂಡಲೇ ಓರೆಯಾಗಿ ಪಕ್ಕಕ್ಕೆ ಎರಡು ಹೆಜ್ಜೆ, ಮತ್ತೆ ಸಡಿಲ ಆದಾಗ ಮತ್ತೆರಡು ಹೆಜ್ಜೆ, ಹೀಗೇ ಅಂಚಿನವರೆಗೆ. ಗೋಡೆ, ಬ್ಯಾರಿಕೇಡ್‌ನಿಂದ ದೂರ ಇರು. ಮೊಬೈಲ್ ಬಿತ್ತಾ? ಹೋಗಲಿ ಬಿಡು, ಬಗ್ಗಬೇಡ. ಆವತ್ತು ಗೇಟಿನ ಹತ್ತಿರ ರಾಶಿ ರಾಶಿ ಚಪ್ಪಲಿ ಬಿದ್ದಿದ್ದ ಫೋಟೋ ನೋಡಿರಬೇಕಲ್ವಾ? ಲೇಸ್ ಬಿಗಿದ ಶೂ ಹಾಕಿಕೊಂಡು ಹೋಗು. ಬಿದ್ದು ಏಳೋಕೆ ಆಗದಿದ್ದರೆ ಅಂಗಾತ ಬೇಡ, ಬೋರಲೂ ಬೇಡ. ಎಡ ಮಗ್ಗುಲಿಗೆ ಮುದುಡಿಕೊಂಡು ಮಂಡಿ ಎದೆಗೆ ತಂದು ತಲೆಯನ್ನು ಕೈಯಿಂದ ಮುಚ್ಚಿಕೋ.

ಪಕ್ಕದಲ್ಲಿ ಯಾರಾದರೂ ಕುಸಿದರೆ ನೀರು ಕುಡಿಸೋಕೆ ಹೋಗಬೇಡ. ಕರೆದರೆ ಓಗೊಡುತ್ತಿಲ್ಲ, ಉಸಿರೂ ಇಲ್ಲ ಅಂದರೆ ಜಾಗ ಮಾಡಿಸಿ ಎದೆಯ ನಡುಮಧ್ಯೆ ಎರಡು ಇಂಚು ಆಳ ಒತ್ತು, ನಿಮಿಷಕ್ಕೆ 100ರಿಂದ 120 ಸಲ. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ.

ಪ್ರಶ್ನೆ: ಎಂಟು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಬಹುದಾ?
– ಜಯನಗರದಿಂದ ಒಬ್ಬ ಅಪ್ಪ

ಉತ್ತರ: ಬೇಡ. ನೀವು ಎಡವಿದರೆ ಅವಳು ಆ ಎತ್ತರದಿಂದ ಬೀಳುತ್ತಾಳೆ. ಕೆಳಗಿಳಿಸಿದರೆ ದೊಡ್ಡವರ ಸೊಂಟದ ಮಟ್ಟಕ್ಕೆ ಅವಳ ಮುಖ. ಟಿವಿಯಲ್ಲಿ ಕೊಹ್ಲಿ ಚೆನ್ನಾಗಿಯೇ ಕಾಣುತ್ತಾರೆ.

ಸುಮ್ನೆ ದೂರದಿಂದ ತೋರಿಸಿಕೊಂಡು ಬರ್ತೀನಿ ಅಂತೀರಾ? ನಿಮ್ಮ ನಂಬರನ್ನು ಅವಳ ಕೈ ಮೇಲೆ ಪೆನ್ನಲ್ಲಿ ಬರೆಯಿರಿ. ಜನ ಜಾಸ್ತಿ ಆದರೆ ಮೊಬೈಲ್ ನೆಟ್‌ವರ್ಕ್ ಕೈ ಕೊಡುತ್ತದೆ. ಹಾಗಾಗಿ ಮನೆಯವರೆಲ್ಲ ತಪ್ಪಿಹೋದರೆ ಸೇರುವ ಜಾಗ ಮೊದಲೇ ಗೊತ್ತುಮಾಡಿ, ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯದ ಮುಂದೆ ಅಂತಲೋ ಏನೋ. ವಾಪಸ್ ಬರುವಾಗ ಹತ್ತಿರದ ಮೆಟ್ರೋ ಸ್ಟೇಷನ್ನಿಗೇ ನುಗ್ಗಬೇಡಿ, ಮೆಟ್ಟಿಲ ಮೇಲಿನ ನೂಕುನುಗ್ಗಲು ಇನ್ನೂ ಕೆಟ್ಟದ್ದು. ಟ್ರಿನಿಟಿ ಸ್ಟೇಷನ್ ತನಕ ನಡೆದುಬಿಡಿ.

ಪ್ರಶ್ನೆ: ನಮ್ಮ ಏರಿಯಾದಲ್ಲೇ ಪಟಾಕಿ ಹೊಡೆದು ಬೈಕ್ ರ‍್ಯಾಲಿ ಮಾಡ್ತೀವಿ. ಸುಟ್ಟರೆ ಟೂತ್‌ಪೇಸ್ಟ್ ಹಚ್ಚಬಹುದಾ?
– ರಾಜಾಜಿನಗರದ ಹುಡುಗರು

ಉತ್ತರ: ಟೂತ್‌ಪೇಸ್ಟ್, ಇಂಕು, ಅರಿಶಿನ, ಐಸ್, ಯಾವುದೂ ಬೇಡ. ನಲ್ಲಿ ತಿರುಗಿಸಿ 20 ನಿಮಿಷ ತಣ್ಣೀರು ಬಿಡಿ. ಕೈ ಊದಿಕೊಳ್ಳುವ ಮುಂಚೆ ಉಂಗುರ, ವಾಚು, ಕಡಗ ಬಿಚ್ಚಿ. ಬೊಬ್ಬೆ ಒಡೆಯಬೇಡಿ. ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟರೂ ಇದೇ ಮದ್ದು. ಮೂರು ಜನ ಕೂತು, ಹಿಂದಿನವನು ಬಾವುಟ ಹಿಡಿದು ಎದ್ದು ನಿಲ್ಲುವ ಆ ಸರ್ಕಸ್ ಬಿಡಿ, ಹೆಲ್ಮೆಟ್ ಹಾಕಿ. ಬಾವುಟಕ್ಕೆ ಕಬ್ಬಿಣದ ಪೈಪು ಬೇಡ, ನಮ್ಮ ಗಲ್ಲಿಗಳಲ್ಲಿ ಕರೆಂಟ್ ವೈರು ಎಷ್ಟು ಕೆಳಗಿರುತ್ತದೆ ಅಂತ ನಿಮಗೇ ಗೊತ್ತು. ಕಣ್ಣಿಗೆ ಕಿಡಿ ಹಾರಿದರೆ ಉಜ್ಜಬೇಡಿ, ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆಗೆ ನೇರ ಹೋಗಿ. ಜಾಸ್ತಿ ಸುಟ್ಟಿದ್ದರೆ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅದಕ್ಕೇ ಅಂತ ಬೇರೆ ವಾರ್ಡ್ ಇದೆ.